ಹಾಜರಿ ಕೂಗುವಾಗ ಕೇಳುವ ನಗು

(ಗದಗ-ಬೆಟಗೇರಿಯಲ್ಲಿ ಶಿಕ್ಷಕರ ಮುಂದೆ ಮಾಡಿದ ಭಾಷಣ)



ಪಾಠ ಹೇಳುವುದು ನನ್ನ ಕಸುಬಲ್ಲ, ನಾನು ಸುದ್ದಿ ಬರೆಯುವವನು. ಆದರೂ ತರಗತಿಯಲ್ಲಿ ಕೇಳಿಬರುವ ಹೀಯಾಳಿಕೆಯ ಬಗ್ಗೆ ನಾಲ್ಕು ಮಾತು ಹೇಳಲು ಕರೆದಿದ್ದೀರಿ.

ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಹಾಜರಿ ಪುಸ್ತಕವೆಂದರೆ ಇಡೀ ಊರು. ಮೆಣಸಿನಕಾಯಿ, ಉಳ್ಳಾಗಡ್ಡಿ, ಬಡಿಗೇರ, ಕುಂಬಾರ, ನದಾಫ, ಮಾದರ. ಅಡ್ಡಹೆಸರು ಕೂಗಿದರೆ ಕಸುಬು ತಿಳಿಯುತ್ತದೆ, ಎಷ್ಟೋ ಸಲ ಜಾತಿಯೂ ತಿಳಿಯುತ್ತದೆ. ಉಳ್ಳಾಗಡ್ಡಿ ಎಂದಾಗ ಹುಡುಗರು ನಕ್ಕರೆ ಆ ಹುಡುಗನೂ ಜೊತೆಗೆ ನಗಬಹುದು. ಮಾದರ ಎಂದಾಗ ಹಿಂದಿನ ಬೆಂಚಿನಿಂದ ಬರುವ ನಗು ಬೇರೆ. ಎರಡನ್ನೂ ನಾವು ಹುಡುಗಾಟದ ಖಾತೆಗೇ ಬರೆಯುತ್ತೇವೆ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. 'ನಮ್ಮ ಕಡೆ ಅಂಥಾದ್ದೆಲ್ಲ ಇಲ್ಲ' ಎಂಬ ಹೆಮ್ಮೆ ನಮಗಿದೆ. ಆ ಹೆಮ್ಮೆಯಿಂದಲೇ ಕೆಲವು ಮಾತು ನಮ್ಮ ಕಿವಿಗೆ ಬೀಳುವುದಿಲ್ಲ.

ಕುಮಾರವ್ಯಾಸನ ಊರಿನವರಿಗೆ ಭಾರತದ ಕಥೆ ಹೊಸದಲ್ಲ. ದ್ರೋಣರ ಶಿಷ್ಯರ ವಿದ್ಯಾಪ್ರದರ್ಶನದ ದಿನ ಕರ್ಣ ಕಣಕ್ಕಿಳಿದ. ಕುಲ ಯಾವುದೆಂದು ಕೇಳಿದವರು ಕೃಪಾಚಾರ್ಯರು, ಅಂದರೆ ಗುರುವೇ. ಸೂತನ ಮಗನೆಂದು ತಿಳಿದ ಮೇಲೆ, ಚಾವಟಿ ಹಿಡಿ ಹೋಗು ಎಂದು ಭೀಮ ಜರಿದ. ಹಿರಿಯರೆಲ್ಲ ಕುಳಿತಿದ್ದ ಸಭೆಯಲ್ಲಿ ಕರ್ಣನ ಪರವಾಗಿ ಮಾತಾಡಿದವನು ದುರ್ಯೋಧನ. ಕರ್ಣ ಸಾಯುವವರೆಗೂ ಅವನ ಕಡೆಯೇ ಉಳಿದ. ನಮ್ಮ ತರಗತಿಯಲ್ಲಿ ಅವಮಾನಗೊಂಡ ಹುಡುಗನ ಪರ ಶಿಕ್ಷಕರು ನಿಲ್ಲದಿದ್ದರೆ, ನಿಲ್ಲುವವರು ಹೊರಗೆ ಸಿಕ್ಕೇ ಸಿಗುತ್ತಾರೆ. ಅವರು ಎಂಥವರೋ ಯಾರು ಬಲ್ಲರು?

ಕೆಲವೊಮ್ಮೆ ಮಾತು ಶಿಕ್ಷಕರ ಬಾಯಿಂದಲೇ ಬರುತ್ತದೆ. 2022ರ ನವೆಂಬರಿನಲ್ಲಿ ಮಣಿಪಾಲದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಾಧ್ಯಾಪಕರೊಬ್ಬರು ಮುಸ್ಲಿಂ ವಿದ್ಯಾರ್ಥಿಯನ್ನು ಭಯೋತ್ಪಾದಕ ಕಸಬ್‌ಗೆ ಹೋಲಿಸಿದರು. ಇದು ತಮಾಷೆಯಲ್ಲ ಎಂದು ಹುಡುಗ ಎಲ್ಲರೆದುರೇ ಹೇಳಿದ. ನೀನು ನನ್ನ ಮಗನಿದ್ದಂತೆ ಎಂದರು ಪ್ರಾಧ್ಯಾಪಕರು. ನಿಮ್ಮ ಮಗನನ್ನು ಹೀಗೆ ಕರೆಯುತ್ತೀರಾ ಎಂದು ಅವನು ಕೇಳಿದ. ವಿಡಿಯೋ ದೇಶವೆಲ್ಲ ಸುತ್ತಿತು. ಸಂಸ್ಥೆ ಪ್ರಾಧ್ಯಾಪಕರನ್ನು ತರಗತಿಯಿಂದ ದೂರವಿಟ್ಟು ವಿಚಾರಣೆ ಆರಂಭಿಸಿತು. ಆ ಹುಡುಗ ಬೈಯಲಿಲ್ಲ, ಪ್ರಶ್ನೆ ಕೇಳಿದ. ಆದರೆ ಅವನು ಕಾಲೇಜಿನವನು. ಐದನೆಯ ಇಯತ್ತೆಯ ಮಗುವಿಗೆ ಆ ಧೈರ್ಯ ಎಲ್ಲಿಂದ ಬರಬೇಕು? ಅದರ ಪರವಾಗಿ ನೀವೇ ಕೇಳಬೇಕು.

ಏಟು ಕೊಡಬಾರದು. 2009ರ ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಾಯ್ದೆ ಹಾಗಿರಲಿ, ಏಟು ತಿಂದವನು ಅದೇ ಮಾತನ್ನು ಬಯಲಿಗೆ ಹೋಗಿ ಆಡುತ್ತಾನೆ. ಪಾಠವನ್ನು ಅರ್ಧ ನಿಮಿಷ ನಿಲ್ಲಿಸಿ, 'ಈ ಮಾತು ಇಲ್ಲಿ ನಡೆಯಂಗಿಲ್ಲ' ಎಂದರೆ ಆಗ ಅಷ್ಟು ಸಾಕು. ಗಂಟೆ ಹೊಡೆದ ಮೇಲೆ ಅವನೊಬ್ಬನನ್ನೇ ಕೂರಿಸಿಕೊಂಡು, ಇದನ್ನು ಎಲ್ಲಿ ಕೇಳಿದಿ ಎಂದು ವಿಚಾರಿಸಿ. ಮನೆಯಲ್ಲೋ ಕಟ್ಟೆಯ ಮೇಲೋ ಮೊಬೈಲಿನಲ್ಲೋ ಕೇಳಿರುತ್ತಾನೆ. ನೊಂದ ಮಗುವನ್ನು ಮಾತ್ರ ಎಲ್ಲರೆದುರು ಎದ್ದು ನಿಲ್ಲಿಸಿ ಬೇಜಾರಾಯಿತೇನು ಎಂದು ಕೇಳಬೇಡಿ. ಅದು ಎರಡನೆಯ ಅವಮಾನ.

ಹಾಜರಿಯಲ್ಲಿ ಅಡ್ಡಹೆಸರನ್ನೇ ಬಿಟ್ಟುಬಿಡಿ ಎನ್ನುವವರಿದ್ದಾರೆ. ಮಗು ತಾನಾಗಿ ಬೇಡವೆಂದರೆ ಬಿಡೋಣ. ಉಳಿದಂತೆ ನನಗೆ ಒಪ್ಪಿಗೆಯಿಲ್ಲ, ಮುಚ್ಚಿಟ್ಟರೆ ಹೆಸರೇ ತಪ್ಪೆಂದು ಒಪ್ಪಿದಂತಾಗುತ್ತದೆ. ಮಾದಾರ ಚೆನ್ನಯ್ಯ, ಕುಂಬಾರ ಗುಂಡಯ್ಯ ಎಂಬ ಶರಣರ ಹೆಸರುಗಳಲ್ಲಿ ಕಸುಬು ಇದ್ದೇ ಇದೆ. ಮುಂದಿನ ಕನ್ನಡ ಅವಧಿಯಲ್ಲಿ ಅವರ ಕಥೆ ಹೇಳಬಹುದು. ನದಾಫ ಎಂದರೆ ಹತ್ತಿ ಹಿಂಜುವವರು ಎಂದೂ ಹೇಳಬಹುದು. ಹತ್ತಿ ವ್ಯಾಪಾರದಿಂದ ಬೆಳೆದ ಗದಗಿನಲ್ಲಿ ಆ ಹೆಸರಿಗೆ ನಗುವ ಹುಡುಗನ ಅಜ್ಜನೂ ಹತ್ತಿಯಿಂದಲೇ ಉಂಡಿರಬಹುದು.