ಕೂದಲೆಳೆಯ ಅಂತರ

ಬ್ಯಾಟರಾಯನಪುರದ ಹೆಸರಿನಲ್ಲಿಯೇ ಬೇಟೆಯ ಧ್ವನಿಯಿದೆ. ಪುಷ್ಯಮಾಸದ ಸಂಜೆ ಈ ಊರಿನ ಮಹಡಿಯೊಂದರ ಮೇಲೆ ನಿಂತರೆ ಇನ್ನೊಬ್ಬ ಬೇಟೆಗಾರನೂ ಕಾಣುತ್ತಾನೆ; ಪೂರ್ವದಲ್ಲಿ ಮೇಲೇರುವ ಮಹಾವ್ಯಾಧ. ಬಳ್ಳಾರಿ ರಸ್ತೆಯ ದೀಪಗಳ ಪ್ರಭೆಯಲ್ಲಿ ಸಣ್ಣ ತಾರೆಗಳೆಲ್ಲ ಅಡಗಿದರೂ ಆತನ ನಡುಕಟ್ಟಿನ ಮೂರು ನಕ್ಷತ್ರಗಳು ಇನ್ನೂ ಅಳಿದಿಲ್ಲ.

ಅಂತಹ ಒಂದು ರಾತ್ರಿ ಆ ನಡುಕಟ್ಟಿನ ಕೆಳಗಿರುವ ನೀಹಾರಿಕೆಯ ಚಿತ್ರ ತೆಗೆಯಲೆಂದು ದೂರದರ್ಶಕವನ್ನು ಹೂಡಿದೆ. ಎಂಟು ಗಂಟೆಗೆ ತಾರೆಗಳು ಸೂಜಿಯ ಮೊನೆಯಂತಿದ್ದವು. ಯಂತ್ರವನ್ನು ನಂಬಿ ಕೆಳಗಿಳಿದೆ. ಎರಡು ಗಂಟೆಗೆ ಬಂದು ನೋಡಿದರೆ ಅವೇ ತಾರೆಗಳು ಅವರೆಕಾಳಿನಂತೆ ಊದಿಕೊಂಡಿದ್ದವು. ಮೋಡವಿಲ್ಲದ ಒಂದು ರಾತ್ರಿ ವ್ಯರ್ಥವಾಗಿತ್ತು.

ಅಪರಾಧಿಗಳು ಇಬ್ಬರು. ಮೊದಲನೆಯದು ಚಳಿ. ಒಂದು ಮೀಟರ್ ಉದ್ದದ ಅಲ್ಯುಮಿನಿಯಂ ಒಂದು ಡಿಗ್ರಿ ತಂಪಾದರೆ ಸುಮಾರು 0.023 ಮಿಲಿಮೀಟರ್ ಕುಗ್ಗುತ್ತದೆ. ಆರು ಡಿಗ್ರಿ ಇಳಿದರೆ 0.14 ಮಿಲಿಮೀಟರ್. ಇದೇನು ಮಹಾ ಎನ್ನಬೇಡಿ. ವ್ಯಾಸಕ್ಕಿಂತ ನಾಭಿದೂರ ಐದು ಪಟ್ಟಿರುವ ದೂರದರ್ಶಕದಲ್ಲಿ ಬಿಂಬವು ಚೊಕ್ಕವಾಗಿರುವ ವಲಯದ ಆಳ ಸುಮಾರು 0.05 ಮಿಲಿಮೀಟರ್ ಮಾತ್ರ, ಅಂದರೆ ಒಂದು ತಲೆಗೂದಲಿನ ದಪ್ಪ. ಈ ಅಂತರವನ್ನು ಕಾಯುವುದೇ ವಿದ್ಯುತ್ ಫೋಕಸರಿನ ಕೆಲಸ. ಮೋಟಾರೊಂದು ಹೆಜ್ಜೆ ಹೆಜ್ಜೆಯಾಗಿ ತಿರುಗಿ ಕ್ಯಾಮೆರಾವನ್ನು ಒಳಕ್ಕೂ ಹೊರಕ್ಕೂ ಸರಿಸುತ್ತದೆ.

ಎರಡನೆಯ ಅಪರಾಧಿ ನಾನು ಅಗ್ಗಕ್ಕೆ ಕೊಂಡಿದ್ದ ಆ ಯಂತ್ರವೇ. ಅದರ ಅಂಕಿ ಬದಲಾಗಿರಲಿಲ್ಲ; ಆದರೆ ಭಾರಕ್ಕೆ ಕ್ಯಾಮೆರಾ ಜಾರಿತ್ತು. ಯಂತ್ರ ಹೇಳುವುದು ಮೋಟಾರು ಎಲ್ಲಿದೆ ಎಂಬುದನ್ನೇ ಹೊರತು ಕ್ಯಾಮೆರಾ ಎಲ್ಲಿದೆ ಎಂಬುದನ್ನಲ್ಲ. ಈ ಪಾಠಕ್ಕೆ ನಾನು ಒಂದು ರಾತ್ರಿಯನ್ನು ತೆರಬೇಕಾಯಿತು.

ಆದುದರಿಂದ ಕೊಳ್ಳುವವರು ಮೊದಲು ಕೇಳಬೇಕಾದುದು ವೇಗವನ್ನಲ್ಲ, ಹಿಡಿತವನ್ನು. ದೂರದರ್ಶಕದ ಫೋಕಸರು ಬರಿಯ ಉಜ್ಜುವಿಕೆಯಿಂದ ಹಿಡಿದಿದೆಯೇ, ಹಲ್ಲುಗಳಿಂದ ಹಿಡಿದಿದೆಯೇ ನೋಡಬೇಕು. ಎರಡನೆಯದಾಗಿ, ಒಂದು ಹೆಜ್ಜೆ ಕ್ಯಾಮೆರಾವನ್ನು ಎಷ್ಟು ಸರಿಸುತ್ತದೆ? ಆ ಕೂದಲೆಳೆಯಲ್ಲಿ ಹತ್ತು ಹೆಜ್ಜೆಗಳಾದರೂ ಹಿಡಿಸಬೇಕು. ಮೂರನೆಯದು ಗಾಲಿಹಲ್ಲುಗಳ ನಡುವಿನ ಸಡಿಲು. ದಿಕ್ಕು ಬದಲಿಸಿದಾಗ ಮೊದಲ ಕೆಲವು ಹೆಜ್ಜೆಗಳು ವ್ಯರ್ಥವಾಗುತ್ತವೆ. ಯಾವಾಗಲೂ ಒಂದೇ ದಿಕ್ಕಿನಿಂದ, ಭಾರವನ್ನು ಎತ್ತುವ ಕಡೆಯಿಂದಲೇ ಗುರಿ ಸೇರಿದರೆ ಈ ದೋಷ ಬಹುಪಾಲು ಅಡಗುತ್ತದೆ. ಉಷ್ಣಮಾಪಕವಿದ್ದರೆ ಅದು ಮೋಟಾರಿನ ಬಿಸಿಗೆ ತಾಗದೆ ಕೊಳವೆಗೆ ಅಂಟಿರಲಿ. ಕರೆಂಟು ಹೋಗಿ ಬಂದರೂ ತನ್ನ ಸ್ಥಾನವನ್ನು ಮರೆಯದ, ಬೇಕಾದಾಗ ಕೈಯಿಂದ ತಿರುಗಿಸಬಹುದಾದ ಯಂತ್ರವೇ ನಮ್ಮ ಊರಿಗೆ ತಕ್ಕದ್ದು.

ಪರೀಕ್ಷೆಯೂ ಸುಲಭ. ಕ್ಯಾಮೆರಾ ಕಟ್ಟಿ, ದೂರದರ್ಶಕವನ್ನು ನೆತ್ತಿಯತ್ತ ನಿಲ್ಲಿಸಿ, ಒಂದು ನಕ್ಷತ್ರವನ್ನು ಬಿಂದುವಾಗಿಸಿ. ಹತ್ತು ಬಾರಿ ದೂರ ಸರಿಸಿ, ಅದೇ ಅಂಕಿಗೆ ಮರಳಿಸಿ. ಹತ್ತು ಬಾರಿಯೂ ಬಿಂದು ಬಿಂದುವಾಗಿಯೇ ಉಳಿದರೆ ಆ ಯಂತ್ರ ನಂಬಿಕೆಗೆ ಅರ್ಹ.

ಲಡಾಖಿನ ಹಾನ್ಲೆಯಲ್ಲಿ, ಸುಮಾರು 4500 ಮೀಟರ್ ಎತ್ತರದಲ್ಲಿ, 2000ನೆಯ ಇಸವಿಯಲ್ಲಿ ಕಣ್ತೆರೆದ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ನಡೆಸುವವರು ಕುಳಿತಿರುವುದು ನಮ್ಮ ಹೊಸಕೋಟೆಯಲ್ಲಿ. ನಡುವೆ ಇರುವುದು ಉಪಗ್ರಹದ ಸಂಪರ್ಕ. ಅಷ್ಟು ದೂರದಿಂದ ಕೈಯಿಟ್ಟು ತಿರುಗಿಸಲು ಸಾಧ್ಯವೇ? ಅಲ್ಲಿ ಯಂತ್ರದ ಮಾತೇ ಪ್ರಮಾಣ. ನನಗಾದರೋ ಮೆಟ್ಟಿಲು ಹತ್ತಿದರೆ ಸಾಕಿತ್ತು, ಹತ್ತಲಿಲ್ಲ. ಒಳ್ಳೆಯ ಯಂತ್ರ ನಮ್ಮ ಶ್ರಮವನ್ನು ಕಡಿಮೆ ಮಾಡೀತು, ಎಚ್ಚರವನ್ನಲ್ಲ. ಈಗ ನಾನು ಗಂಟೆಗೊಮ್ಮೆ ಮಹಡಿ ಹತ್ತುತ್ತೇನೆ.