ನಾವು ಕೇಳದೆ ಬಿಟ್ಟ ಪ್ರಶ್ನೆ

(ಹೊಸಕೋಟೆ ತಾಲ್ಲೂಕಿನ ರೈತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಬೆಲೆ ಮತ್ತು ಸಾಲದ ಮೇಲೆ ಮಾತಾಡಿ ಎಂದು ಕರೆದಿದ್ದೀರಿ. ಮಾತಾಡುತ್ತೇನೆ. ಆದರೆ ರಾಗಿಯಿಂದ ಶುರು ಮಾಡುವುದಿಲ್ಲ. ನಿಮಗೆಲ್ಲ ಗೊತ್ತಿರುವ ಒಬ್ಬ ಶಾಸಕರ ರಾಜಕೀಯ ಜೀವನದಿಂದ ಶುರು ಮಾಡುತ್ತೇನೆ. ಇದೇನಪ್ಪಾ, ಸಾಲದ ಸಭೇಲಿ ಎಮ್ಮೆಲ್ಲೆ ಕತೆ ಅಂತೀರಾ? ಸ್ವಲ್ಪ ತಾಳಿ, ಸಂಬಂಧ ಇದೆ.

ಎಂ.ಟಿ.ಬಿ. ನಾಗರಾಜ್ ಅವರು 2004ರಲ್ಲಿ ಕಾಂಗ್ರೆಸ್ಸಿನಿಂದ ನಿಂತು ಈ ಕ್ಷೇತ್ರದಲ್ಲಿ ಗೆದ್ದರು. 2008ರಲ್ಲಿ ಬಿ.ಎನ್. ಬಚ್ಚೇಗೌಡರು ಬಿಜೆಪಿಯಿಂದ ಗೆದ್ದು ಕಾರ್ಮಿಕ ಮಂತ್ರಿಗಳಾದರು. 2013ರಲ್ಲಿ ಮತ್ತೆ ನಾಗರಾಜ್. 2018ರಲ್ಲಿ ಗೌಡರ ಮಗ ಶರತ್ ಬಚ್ಚೇಗೌಡರು ಬಿಜೆಪಿಯಿಂದ ನಿಂತಾಗ 7,597 ಮತಗಳ ಅಂತರದಿಂದ ಮತ್ತೂ ನಾಗರಾಜ್. ಆ ವರ್ಷದ ಡಿಸೆಂಬರಿನಲ್ಲಿ ಅವರು ಕುಮಾರಸ್ವಾಮಿಯವರ ಸಂಪುಟದಲ್ಲಿ ವಸತಿ ಸಚಿವರಾದರು.

ಆ ಸರ್ಕಾರ 2018ರ ಜುಲೈನಲ್ಲಿ ಸಾಲ ಮನ್ನಾ ಘೋಷಿಸಿತ್ತು. ರಾಷ್ಟ್ರೀಕೃತ ಬ್ಯಾಂಕಿನ ಬೆಳೆ ಸಾಲ ಎರಡು ಲಕ್ಷದವರೆಗೆ, ಸಹಕಾರ ಸಂಘದ್ದು ಒಂದು ಲಕ್ಷದವರೆಗೆ. ಅದು ಹಂತ ಹಂತವಾಗಿ ಜಾರಿಯಾಗುತ್ತಿದ್ದ ಹೊತ್ತಿಗೆ, 2019ರ ಜುಲೈನಲ್ಲಿ, ಆಡಳಿತ ಪಕ್ಷಗಳ ಶಾಸಕರು ಒಬ್ಬರ ಹಿಂದೊಬ್ಬರು ರಾಜೀನಾಮೆ ಕೊಟ್ಟರು. ಅವರಲ್ಲಿ ನಮ್ಮ ಮಂತ್ರಿಗಳೂ ಒಬ್ಬರು. ಜುಲೈ 23ರಂದು ವಿಶ್ವಾಸಮತದಲ್ಲಿ 99ಕ್ಕೆ 105 ಆಗಿ ಸರ್ಕಾರ ಬಿತ್ತು. ಸಭಾಧ್ಯಕ್ಷರು ಒಟ್ಟು 17 ಜನ ಶಾಸಕರನ್ನು ಅನರ್ಹಗೊಳಿಸಿದರು. ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅನರ್ಹತೆ ಸರಿ ಎಂದಿತು. ಆದರೆ ಮರುಚುನಾವಣೆಗೆ ನಿಲ್ಲಬಹುದು ಎಂದೂ ಹೇಳಿತು. ನಾಗರಾಜ್ ಅವರು ಬಿಜೆಪಿ ಸೇರಿ ನಿಂತರು. ಶರತ್ ಅವರು ಬಿಜೆಪಿ ಬಿಟ್ಟು ಪಕ್ಷೇತರರಾಗಿ, ಕುಕ್ಕರ್ ಗುರುತು ಹಿಡಿದು ನಿಂತರು.

ಆಮೇಲಿನದು ನೀವೇ ಬರೆದ ಚರಿತ್ರೆ. 2019ರ ಡಿಸೆಂಬರ್ 5ರಂದು ಹೊಸಕೋಟೆಯಲ್ಲಿ ನೂರಕ್ಕೆ ತೊಂಬತ್ತು ಜನ ಮತ ಹಾಕಿದರು. ಮುದುಕರನ್ನು ಹೊತ್ತುಕೊಂಡು ಬಂದು ಹಾಕಿಸಿದಿರಿ. ರಾಜ್ಯದ 15 ಕ್ಷೇತ್ರಗಳಲ್ಲಿ 12 ಕಡೆ ಬಿಜೆಪಿ ಗೆದ್ದಿತು. ಇಲ್ಲಿ ಮಾತ್ರ ಪಕ್ಷೇತರ ಅಭ್ಯರ್ಥಿ 11,486 ಮತಗಳಿಂದ ಗೆದ್ದರು. ಪಕ್ಷಾಂತರಕ್ಕೆ ಈ ತಾಲ್ಲೂಕು ಕೊಟ್ಟ ಉತ್ತರವನ್ನು ಇಡೀ ರಾಜ್ಯ ನೋಡಿತು. ನಾನೂ ಹೆಮ್ಮೆಪಟ್ಟೆ. ಡಿಸೆಂಬರ್ 9ರಂದು ಎಣಿಕೆ ಮುಗಿದಾಗ ಪಟಾಕಿ ಹೊಡೆದವರಲ್ಲಿ ನಾನೂ ಇದ್ದೆ.

ಈಗ ಕೇಳಿ. ಸೋತ ನಾಗರಾಜ್ ಅವರು 2020ರ ಜೂನ್‌ನಲ್ಲಿ ವಿಧಾನಪರಿಷತ್ತಿಗೆ ಅವಿರೋಧವಾಗಿ ಆಯ್ಕೆಯಾದರು, 2021ರ ಜನವರಿಯಲ್ಲಿ ಮಂತ್ರಿಯೂ ಆದರು. ಮುಂಬಾಗಿಲಲ್ಲಿ ನೀವು ತಡೆದಿರಿ, ಹಿತ್ತಲ ಬಾಗಿಲು ತೆರೆದೇ ಇತ್ತು. ಆದರೆ ನನ್ನ ಸಂಕಟ ಅದಲ್ಲ. ಅದೇ 2020ರ ಜುಲೈನಲ್ಲಿ ಒಂದು ಸುಗ್ರೀವಾಜ್ಞೆ ಬಂತು. 1961ರ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಅದು ಕಿತ್ತುಹಾಕಿತು. ಡಿಸೆಂಬರ್ 8ರಂದು ಪರಿಷತ್ತಿನಲ್ಲಿ ಜನತಾದಳದ ಬೆಂಬಲದೊಂದಿಗೆ ಮಸೂದೆಯೂ ಪಾಸಾಯಿತು. ನಾವು ಪಟಾಕಿ ಹೊಡೆದು ಸರಿಯಾಗಿ ಒಂದು ವರ್ಷಕ್ಕೆ!

ಏನಿದು 79ಎ? ದೇವರಾಜ ಅರಸರ ಕಾಲದಲ್ಲಿ, 1974ರ ತಿದ್ದುಪಡಿಯಲ್ಲಿ, ಈ ಕಾಯ್ದೆಗೆ ಹಾಕಿದ ಬೇಲಿ. ಬೇಸಾಯವಲ್ಲದೆ ಬೇರೆ ಆದಾಯ ಒಂದು ಮಿತಿ ಮೀರಿದವರು ಹೊಲ ಕೊಳ್ಳುವಂತಿರಲಿಲ್ಲ. 2015ರಲ್ಲಿ ಆ ಮಿತಿಯನ್ನು ವರ್ಷಕ್ಕೆ 2 ಲಕ್ಷದಿಂದ 25 ಲಕ್ಷಕ್ಕೆ ಏರಿಸಿದರು. 2020ರಲ್ಲಿ ಬೇಲಿಯನ್ನೇ ಕಿತ್ತರು. ಆ ಬೇಲಿ ಗಟ್ಟಿಯಾಗಿತ್ತು ಎಂದು ನಾನು ಹೇಳುವುದಿಲ್ಲ. ಕಂಡಿಗಳಿದ್ದವು; ಬೇನಾಮಿ ಖರೀದಿ ನಡೆಯುತ್ತಿತ್ತು, ಅಗ್ರಿಮೆಂಟು, ಪವರ್ ಆಫ್ ಅಟಾರ್ನಿ ಎಲ್ಲ ನಡೆಯುತ್ತಿದ್ದವು. ಆದರೂ ಕಂಡಿಯಲ್ಲಿ ನುಸುಳುವವನಿಗೆ ಒಂದು ಭಯ ಇರುತ್ತಿತ್ತು. ಈಗ ರಾಜಬೀದಿ.

ಇಲ್ಲಿಗೆ ಸಾಲದ ಮಾತು ಬಂತು ನೋಡಿ. ರಾಗಿಗೆ 2025–26ರ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಎಕರೆಗೆ ಹತ್ತು ಕ್ವಿಂಟಾಲ್ ಬಂತು, ಎಲ್ಲವನ್ನೂ ಖರೀದಿ ಕೇಂದ್ರದವರೇ ತೆಗೆದುಕೊಂಡರು ಅಂತಲೇ ಇಟ್ಟುಕೊಳ್ಳಿ. ಕೈಗೆ ಬಂದದ್ದು 48,860 ರೂಪಾಯಿ. ಉಳುಮೆ, ಗೊಬ್ಬರ, ಕಳೆ, ಕೊಯ್ಲು, ಒಕ್ಕಣೆ ನೀವೇ ಕಳೆಯಿರಿ. ನಾನು ಕಳೆದರೆ ಕಣ್ಣಲ್ಲಿ ನೀರು ಬರುತ್ತೆ. ಅದೇ ಎಕರೆಗೆ ದಲ್ಲಾಳಿ ಬಂದು ಹೇಳುವ ಬೆಲೆ ಎಷ್ಟು? ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ ನಮ್ಮ ಹೊಸಕೋಟೆಯಿಂದಲೇ ಹೊರಡುತ್ತದೆ, ವಿಮಾನ ನಿಲ್ದಾಣ ಪಕ್ಕದ ದೇವನಹಳ್ಳಿಯಲ್ಲಿದೆ. ಕೋಟಿಗೆ ಕಡಿಮೆ ಮಾತೇ ಇಲ್ಲ. ಆದರೆ ಆ ಕೋಟಿ ನಿಮ್ಮದಾಗುವುದು ಮಾರಿದ ದಿವಸ ಮಾತ್ರ. ಉಳುವ ತನಕ ನೀವು ಸಾಲಗಾರರು. ಬ್ಯಾಂಕಿನವರು ಬೆಳೆ ಸಾಲ ಕೊಡುವುದು ಬೆಳೆಯ ಲೆಕ್ಕಕ್ಕೆ, ದಲ್ಲಾಳಿ ಹೇಳಿದ ಬೆಲೆಗಲ್ಲ. ಮಗಳ ಮದುವೆ, ಕೊರೆದ ಬೋರು ನೀರಿಲ್ಲದೆ ಹೋದದ್ದು, ಆಸ್ಪತ್ರೆ ಖರ್ಚು ಇವು ಮೂರು ಒಟ್ಟಿಗೆ ಬಂದ ವರ್ಷ ಪಹಣಿಯಲ್ಲಿ ಹೆಸರು ಬದಲಾಗುತ್ತದೆ. ಬೆಳೆಗೆ ಬೆಲೆ ಇಲ್ಲದ್ದೇ ನೆಲ ಕೊಳ್ಳುವವನಿಗೆ ಬಂಡವಾಳ.

ನಾಗರಾಜ್ ಅವರು 2018ರಲ್ಲಿ ಚುನಾವಣಾ ಪ್ರಮಾಣಪತ್ರದಲ್ಲಿ ಸಾವಿರ ಕೋಟಿಗೂ ಮೀರಿದ ಆಸ್ತಿ ತೋರಿಸಿದರು. 2023ರಲ್ಲಿ ತೋರಿಸಿದ್ದು 1,600 ಕೋಟಿಗೂ ಹೆಚ್ಚು. ಶ್ರೀಮಂತರಾಗಿರುವುದು ಅಪರಾಧವಲ್ಲ, ಬಚ್ಚಿಡದೆ ಬರೆದುಕೊಟ್ಟಿದ್ದಾರೆ, ಅದು ಒಳ್ಳೆಯದೇ. ಆ ಅಂಕಿಗಳನ್ನು ಓದಿ ಬಾಯಿ ಬಿಟ್ಟೆವಲ್ಲ, ಅಂಥ ಅಭ್ಯರ್ಥಿ ಎದುರಿಗೆ ನಿಂತಾಗ ಜಮೀನಿನ ಕಾನೂನಿನ ಬಗ್ಗೆ ನಿಮ್ಮ ನಿಲುವೇನು ಸ್ವಾಮಿ ಎಂದು ಕೇಳಿದೆವಾ? ಅವರನ್ನೂ ಕೇಳಲಿಲ್ಲ, ಅವರನ್ನು ಸೋಲಿಸಿದವರನ್ನೂ ಕೇಳಲಿಲ್ಲ. ಉಪಚುನಾವಣೆಯಲ್ಲಿ ನಾನು ಹೋದ ಸಭೆಗಳಲ್ಲಿ ಸ್ವಾಭಿಮಾನದ ಮಾತಾಯಿತು, ದ್ರೋಹದ ಮಾತಾಯಿತು, ಮನೆತನದ ಮಾತಾಯಿತು. ಮೈಕು ನನ್ನ ಕೈಗೂ ಬಂದಿತ್ತು. 79ಎ ಎಂಬ ಎರಡಕ್ಷರ ನನ್ನ ಬಾಯಲ್ಲಿ ಬರಲಿಲ್ಲ. ಇದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಮಾರನೇ ವರ್ಷ ಕಾನೂನು ಬದಲಾದಾಗ, 'ನೀವು ಮಾತು ಕೊಟ್ಟಿದ್ದಿರಲ್ಲ' ಎಂದು ಯಾರ ಮನೆ ಮುಂದೆ ಹೋಗಿ ನಿಲ್ಲೋಣ? ಮಾತನ್ನು ನಾವು ಪಡೆದೇ ಇರಲಿಲ್ಲ.

2023ರಲ್ಲಿ ಶರತ್ ಅವರು ಕಾಂಗ್ರೆಸ್ಸಿನಿಂದ ನಿಂತು ಬಿಜೆಪಿಯ ನಾಗರಾಜ್ ಅವರನ್ನು ಕೆಲವೇ ಸಾವಿರ ಮತಗಳಿಂದ ಮತ್ತೆ ಸೋಲಿಸಿದರು. ಐದು ವರ್ಷದಲ್ಲಿ ಇಬ್ಬರೂ ಪಕ್ಷ ಅದಲು ಬದಲು ಮಾಡಿಕೊಂಡದ್ದಾಯಿತು. ನಮ್ಮ ಹೊಲ ಮಾತ್ರ ಇದ್ದಲ್ಲೇ ಇದೆ. ಇಷ್ಟು ದಿವಸ ಇದೆ.

ಈಗ ಪಕ್ಕದ ತಾಲ್ಲೂಕು ನೋಡಿ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1,777 ಎಕರೆ ಕೈಗಾರಿಕೆಗೆ ಬೇಕು ಎಂದರು. 2022ರ ಏಪ್ರಿಲ್‌ನಲ್ಲಿ ಜನ ಧರಣಿ ಕೂತರು. ಅವರು ಪಕ್ಷ ನೋಡಲಿಲ್ಲ. ಬಿಜೆಪಿ ಸರ್ಕಾರವಿದ್ದಾಗಲೂ ಅದೇ ಪ್ರಶ್ನೆ, ಕಾಂಗ್ರೆಸ್ ಸರ್ಕಾರ ಬಂದಾಗಲೂ ಅದೇ ಪ್ರಶ್ನೆ: ನಮ್ಮ ಜಮೀನು ಬಿಡುತ್ತೀರೋ ಇಲ್ಲವೋ? ಬಂದವರನ್ನೆಲ್ಲ ಕೇಳಿದರು. ಮೂರು ವರ್ಷಕ್ಕೂ ಮೀರಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನ ಕೈಬಿಟ್ಟೆವು ಎಂದು ಹೇಳಬೇಕಾಯಿತು. ಅವರಲ್ಲಿ ಕೋಟ್ಯಧಿಪತಿಗಳಿರಲಿಲ್ಲ, ಗೆಲ್ಲುವ ಕುದುರೆ ಯಾವುದೆಂಬ ಜೂಜೂ ಇರಲಿಲ್ಲ. ಕೇಳಿದ್ದನ್ನೇ ಕೇಳುವ ಹಠ ಇತ್ತು.

ಬಂಧುಗಳೇ, ಶಾಸಕರು ಆಕಾಶದಿಂದ ಬೀಳುವುದಿಲ್ಲ. ನಾವು ಜಾತಿ ಕೇಳಿದರೆ ಜಾತಿ ಹೇಳುತ್ತಾರೆ, ದೇವಸ್ಥಾನಕ್ಕೆ ಸುಣ್ಣ ಕೇಳಿದರೆ ಸುಣ್ಣ ಹೊಡೆಸುತ್ತಾರೆ. ಕಾನೂನು ಮಾಡುವುದು ಅವರ ಮುಖ್ಯ ಕೆಲಸ. ಅದನ್ನೊಂದು ಬಿಟ್ಟು ಮಿಕ್ಕಿದ್ದೆಲ್ಲ ಕೇಳುತ್ತೇವೆ.

ಮುಂದಿನ ಸಲ ಯಾರೇ ಬರಲಿ, ಯಾವ ಬಾವುಟವೇ ಇರಲಿ, ಮೂರು ಪ್ರಶ್ನೆ ಬರೆದಿಟ್ಟುಕೊಳ್ಳಿ. ಒಂದು: 79ಎ, 79ಬಿ ವಾಪಸ್ಸು ತರಲು ಸದನದಲ್ಲಿ ಕೈ ಎತ್ತುತ್ತೀರಾ? ಎರಡು: ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ 28(1) ನೋಟಿಸು ಹೊರಡುವ ಮುಂಚೆ ಗ್ರಾಮಸಭೆ ಕರೆಸುತ್ತೀರಾ? ಮೂರು: ರಾಗಿ ಖರೀದಿ ಕೇಂದ್ರ ಸುಗ್ಗಿಗೆ ಸರಿಯಾಗಿ ತೆರೆಯದಿದ್ದರೆ ವಿಧಾನಸಭೆಯಲ್ಲಿ ಎದ್ದು ನಿಲ್ಲುತ್ತೀರಾ? ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ, ರುಜು ಹಾಕಿಸಿ, ಊರ ಡೈರಿ ಗೋಡೆಗೆ ಅಂಟಿಸಿ. ದಿನಕ್ಕೆರಡು ಸಲ ಹಾಲು ಹಾಕಲು ಹೋಗುತ್ತೇವಲ್ಲ, ದಿನಕ್ಕೆರಡು ಸಲ ಓದೋಣ.

ರುಜು ಹಾಕಲು ಒಪ್ಪದವರಿಗೆ ಹಾರ ಹಾಕಬೇಡಿ. ಇಷ್ಟೇ ನನ್ನ ಮಾತು.