ನಮ್ಮ ಜಿಹ್ವಾಯಾತ್ರೆ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯನ್ನೇರಿದವರು ಕದಂಬರಿಂದ ತೊಡಗಿ ಏಕೀಕರಣಕ್ಕೆ ಬಂದು ಮುಗಿಸುವುದು ವಾಡಿಕೆ. 1956ರ ನವೆಂಬರ್ 1ರ ಮಹತ್ವವನ್ನು ನಮಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾವು ಬಿ.ಕಾಂ. ಓದಿ ಬ್ಯಾಂಕಿನ ಗುಮಾಸ್ತಗಿರಿ ಹಿಡಿದವರು. ಇತಿಹಾಸಕ್ಕಿಂತ ಹೊಟ್ಟೆಯ ವಿಷಯ ನಮಗೆ ಹೆಚ್ಚು ಪರಿಚಿತ. ಆದ್ದರಿಂದ ಊಟ ತಿಂಡಿಗಳನ್ನು ಕುರಿತು ನಾಲ್ಕು ಮಾತನಾಡಲು ಅಪ್ಪಣೆಯಾಗಬೇಕು.

ನಮ್ಮ ದೇಹೂ ರೋಡಿನ ಸಂಗತಿ ತಮಗೆ ತಿಳಿದದ್ದೇ. ಸೈನ್ಯದ ಡಿಪೋ ಇದೆ, ಕಾರ್ಖಾನೆ ಇದೆ, ಪಕ್ಕದಲ್ಲೇ ತುಕಾರಾಮ ಮಹಾರಾಜರ ದೇಹೂ ಗ್ರಾಮವಿದೆ. ಕರ್ತವ್ಯಕ್ಕೂ ಭಕ್ತಿಗೂ ಇಲ್ಲಿ ಕೊರತೆಯಿಲ್ಲ; ಕೊರತೆಯೇನಿದ್ದರೂ ನಾಲಿಗೆಗೆ. ನಾಲಿಗೆಯ ಚಾಪಲ್ಯ ತೀರಬೇಕಾದರೆ ಲೋನಾವಳಾದಿಂದ ಬರುವ ಲೋಕಲ್ ಹತ್ತಿ ಪುಣೆಗೇ ಹೋಗಬೇಕು. ಬ್ಯಾಂಕಿನವರಿಗೆ ಅದಕ್ಕೂ ಮುಹೂರ್ತ ಬೇಕು. 2015ರ ಸೆಪ್ಟೆಂಬರ್‌ನಿಂದ ಎರಡನೆಯ ಮತ್ತು ನಾಲ್ಕನೆಯ ಶನಿವಾರ ನಮಗೆ ರಜೆ ದೊರೆಯಿತು. ಅಂದಿನಿಂದ ನಮ್ಮ ಪಂಚಾಂಗದಲ್ಲಿ ಏಕಾದಶಿಗಿಂತ ಆ ಎರಡು ಶನಿವಾರಗಳಿಗೇ ಮಾನ್ಯತೆ ಹೆಚ್ಚು.

ಕಳೆದ ಫೆಬ್ರವರಿಯಲ್ಲಿ ಊರಿನಿಂದ ನಮ್ಮ ಅವ್ವ ಬಂದಿದ್ದಳು. ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಅವ್ವನಿಗೆ ಕನ್ನಡವೊಂದೇ ಗೊತ್ತು. ನಾವು, ನಮ್ಮ ಶ್ರೀಮತಿ, ಒಂಬತ್ತು ವರ್ಷದ ಮಗಳು, ಜೊತೆಗೆ ಅವ್ವ, ಹೀಗೆ ನಾಲ್ವರ ಯಾತ್ರೆ ಎರಡನೆಯ ಶನಿವಾರ ಬೆಳಿಗ್ಗೆ ಹೊರಟಿತು.

ಶಿವಾಜಿನಗರದಲ್ಲಿಳಿದು ಮೊದಲು ಹೋದದ್ದು ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿಗೆ. ದೇವಸ್ಥಾನದಲ್ಲಿ ನಿಲ್ಲುವಂತೆ ಅಲ್ಲಿ ಸಾಲಿನಲ್ಲಿ ನಿಲ್ಲಬೇಕು. ನಿಂತಷ್ಟು ಹೊತ್ತು ಅವ್ವನಿಗೆ ಆ ಹೋಟೆಲಿನ ಕಥೆ ಹೇಳಿದೆವು. ದಕ್ಷಿಣ ಕನ್ನಡದ ಹಳ್ಳಿಯೊಂದರಲ್ಲಿ ಹುಟ್ಟಿದ ಜಗನ್ನಾಥ ಶೆಟ್ಟರು ಹದಿಹರೆಯದಲ್ಲೇ, 1949ರಲ್ಲಿ, ಪುಣೆಗೆ ಬಂದರು. ಮೊದಲು ಮದ್ರಾಸ್ ಹೆಲ್ತ್ ಹೋಮ್ ಎಂಬ ಹೆಸರಿದ್ದ ಉಪಾಹಾರ ಗೃಹವನ್ನು ವೈಶಾಲಿಯಾಗಿ ಬೆಳೆಸಿದರು. 2023ರ ನವೆಂಬರ್‌ನಲ್ಲಿ ಅವರು ತೀರಿಕೊಂಡಾಗ ಪುಣೆಯ ಎಷ್ಟೋ ಜನ ತಮ್ಮ ಮನೆಯ ಹಿರಿಯರನ್ನೇ ಕಳೆದುಕೊಂಡಂತೆ ಮರುಗಿದರು. ಮುಂಬಯಿಯ ಮಾಟುಂಗಾದಲ್ಲಿ 1942ರಲ್ಲಿ ಎ. ರಾಮನಾಯಕರು ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಕೂಡ ಹೀಗೆಯೇ ಪರಊರಿನಲ್ಲಿ ಬೇರುಬಿಟ್ಟ ಮರ. ಎಲ್ಲವನ್ನೂ ಕೇಳಿ ಅವ್ವ ಆಡಿದ್ದು ಒಂದೇ ಮಾತು: “ಹಂಗಾದ್ರ ಇದು ನಮ್ಮೋರದ ಅನ್ನು.” ಆಮೇಲೆ ದೋಸೆಯನ್ನು ಬಲು ಗಂಭೀರವಾಗಿ ಪರೀಕ್ಷಿಸಿ, ಚಟ್ನಿಗೆ ಪೂರ್ಣ ಅಂಕಗಳನ್ನೂ ಸಾಂಬಾರಿಗೆ ಪಾಸಾಗುವಷ್ಟನ್ನೂ ಕೊಟ್ಟಳು.

ಮಧ್ಯಾಹ್ನ ಕ್ಯಾಂಪಿಗೆ ಹೋಗಿ ಕಯಾನಿ ಬೇಕರಿಯಲ್ಲಿ ಶ್ರೂಸ್‌ಬರಿ ಬಿಸ್ಕತ್ತು ಕೊಂಡೆವು. ಹೆಸರು ಇಂಗ್ಲೆಂಡಿನ ಒಂದು ಊರಿನದು, ಬೇಕರಿ 1955ರಿಂದ ನಡೆದುಬಂದ ಇರಾನಿಗಳದು, ಊರು ಮರಾಠಿಗರದು, ತಿನ್ನುವವರು ಕನ್ನಡಿಗರು! ಬೆಣ್ಣೆಗೆ ಮಾತ್ರ ಯಾವ ದೇಶದ ಹಂಗೂ ಇಲ್ಲ. ಅಲ್ಲಿಂದ ಚಿತಳೆ ಬಂಧುಗಳ ಅಂಗಡಿಗೆ ಹೋಗಿ ಬಾಕರವಡಿ ಕೊಂಡೆವು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕಿ ವಿಶ್ರಮಿಸುವುದಕ್ಕೆ ಆ ಅಂಗಡಿ ಒಂದು ಕಾಲಕ್ಕೆ ಹೆಸರುವಾಸಿಯಾಗಿತ್ತು. 2017ರಿಂದ ಆ ಪದ್ಧತಿ ಬಿಟ್ಟರೆಂದು ಕೇಳಿ, ಬ್ಯಾಂಕಿನ ಕೌಂಟರಿನ ಹಿಂದೆ ಕೂರುವ ನಮಗೆ ಒಳಗೊಳಗೇ ಸ್ವಲ್ಪ ವ್ಯಸನವಾದದ್ದುಂಟು.

ಮರುದಿನ ಭಾನುವಾರ ಮತ್ತೆ ಶಿವಾಜಿನಗರಕ್ಕೆ ಬಂದು, ಅಲ್ಲಿಂದ ಮೆಟ್ರೋದಲ್ಲಿ ಮಂಡಯಿಗೆ ಹೋದೆವು. ನೆಲದಡಿಯ ಈ ಮಾರ್ಗ 2024ರ ಸೆಪ್ಟೆಂಬರ್ 29ರಂದು ತೆರೆದ ಮೇಲೆ ಪೇಟೆಯ ಗಡಿಬಿಡಿಯಲ್ಲಿ ರಿಕ್ಷಾದವರೊಡನೆ ವಾದಿಸುವ ಸುಖ ತಪ್ಪಿಹೋಗಿದೆ. 1886ರಲ್ಲಿ ಗವರ್ನರ್ ರೇ ಅವರ ಹೆಸರಿನಲ್ಲಿ ತೆರೆದ ಆ ಮಾರುಕಟ್ಟೆ ಇಂದು ಮಹಾತ್ಮಾ ಫುಲೆಯವರ ಹೆಸರಿನಲ್ಲಿದೆ. ಎಂಟು ಮೂಲೆಯ ಗೋಪುರದ ಕೆಳಗೆ ಕಾಯಿಪಲ್ಯದ ರಾಶಿಗಳನ್ನು ಕಂಡು ಅವ್ವನ ನಡಿಗೆಗೇ ಹೊಸ ಹುರುಪು ಬಂತು. ಒಬ್ಬಾಕೆ ಎಳೆಯ ಜೋಳದ ಹುರಡಾ ಮಾರುತ್ತಿದ್ದಳು. “ಸೀತನಿ!” ಎಂದು ಅವ್ವ ಅಲ್ಲೇ ಕುಳಿತುಬಿಟ್ಟಳು. ಮಾರುವಾಕೆ “ಆಜೀ” ಎಂದು ಕರೆದರೆ ಅವ್ವನ ಕಿವಿಗೆ ಅದು “ಅಜ್ಜೀ” ಎಂದೇ ಕೇಳಿಸಿತು. ಅವ್ವ ತುಪ್ಪ ಎಂದರೆ ಇಲ್ಲಿಯವರು ತೂಪ ಎನ್ನುತ್ತಾರೆ. ನಮ್ಮ ಅಕ್ಕ, ಅಣ್ಣ, ಅಪ್ಪಂದಿರು ಇಲ್ಲಿಯೂ ಆಕ್ಕಾ, ಆಣ್ಣಾ, ಆಪ್ಪಾ ಆಗಿ ಮನೆಮನೆಯಲ್ಲಿದ್ದಾರೆ. ಹೀಗಾಗಿ ದುಭಾಷಿಗಳಾಗಿ ನಿಂತಿದ್ದ ನಮಗೆ ಕೆಲಸವೇ ಬೀಳಲಿಲ್ಲ.

ಪಕ್ಕದ ಕಿರಾಣಿ ಅಂಗಡಿಯಲ್ಲಿ ಒಣಮೆಣಸಿನಕಾಯಿಯ ಚೀಲದ ಮೇಲೆ ನಾಗರಿಯಲ್ಲಿ ‘ಬ್ಯಾಡಗಿ’ ಎಂದು ಬರೆದ ಚೀಟಿಯಿತ್ತು. ಮಗಳು ಅದನ್ನು ಓದಿ ಹೇಳಿದಳು. 2011ರಲ್ಲಿ ಸರ್ಕಾರದ ಭೌಗೋಳಿಕ ಗುರುತು ಪಡೆದ ಕಾಯಿ ಅದು. ಬಣ್ಣ ಹೆಚ್ಚು, ಖಾರ ಮಿತ. ತವರಿನ ಕಡೆಯ ಸರಕೆಂದ ಮೇಲೆ ಅವ್ವ ಬಿಟ್ಟಾಳೆಯೇ! ಒಂದು ಕಾಯಿ ತೆಗೆದು ಸುಕ್ಕು ನೋಡಿದಳು, ತೊಟ್ಟು ಮುರಿದಳು, ಮೂಸಿದಳು, ಬೆರಳಿಗೆ ತಿಕ್ಕಿದಳು. “ಇದು ಹ್ವಾದ ವರ್ಷದ ಮಾಲು. ಹೊಸಾದು ತಗಿ ಅನ್ನು” ಎಂದಳು. ನಾವು ಮರಾಠಿಯಲ್ಲಿ ಅನುವಾದಿಸುವ ಮೊದಲೇ ಅಂಗಡಿಯವನು ನಕ್ಕು, ಒಳಗಿನಿಂದ ಬೇರೆ ಚೀಲ ತರಿಸಿದ. ಬಲ್ಲವರ ಕೈಯನ್ನು ಕಂಡರೆ ವ್ಯಾಪಾರಿಗೆ ಭಾಷೆ ಬೇಕಾಗುವುದಿಲ್ಲ.

ತುಳಶೀಬಾಗಿನಲ್ಲಿ ಮಗಳಿಗೆ ಆಟದ ಹಿತ್ತಾಳೆ ಪಾತ್ರೆಗಳ ಪೆಟ್ಟಿಗೆಯಾಯಿತು. ಅವಳು ಒಂದೊಂದನ್ನೇ ಎತ್ತಿ ಚೂಲ, ಸೂಪ, ಜಾತೆ ಎಂದಳು. ಅಜ್ಜಿ ಒಲೆ, ಮೊರ, ಬೀಸುಕಲ್ಲು ಎಂದಳು. ಮಗಳು ಮೂರನ್ನೂ ತಿರುಗಿ ಹೇಳಿದಳು. ಆ ಕ್ಷಣ ನಮಗೆ ಹೊಳೆದದ್ದಿಷ್ಟು: ಈ ಮೂರು ಶಬ್ದಗಳನ್ನು ಒಂಬತ್ತು ವರ್ಷಗಳಲ್ಲಿ ನಾವು ಅವಳಿಗೆ ಒಮ್ಮೆಯೂ ಹೇಳಿಕೊಟ್ಟಿರಲಿಲ್ಲ.

ಹೊತ್ತು ಮೀರಿತ್ತು. ಮರಳುವ ಗಾಡಿ ಹಿಡಿಯುವ ಮೊದಲು ನಿಲ್ದಾಣದ ಹತ್ತಿರದ ಒಂದು ಉಡುಪಿ ಹೋಟೆಲಿಗೆ ಹೋದೆವು. ಐದು ವರ್ಷಗಳಿಂದ ಅಲ್ಲಿ ನಮ್ಮದು ಖಾಯಂ ಗಿರಾಕಿ. ಬಡಿಸುವವರು ಐವತ್ತು ದಾಟಿದ ಒಬ್ಬರು. ಎಂದಿನಂತೆ ನಾವು ಹಿಂದಿಯಲ್ಲಿ ನಾಲ್ಕು ಊಟ ಹೇಳಿದೆವು. ಅವರೂ ಎಂದಿನಂತೆ ಹಿಂದಿಯಲ್ಲೇ “ಜೀ” ಎಂದರು. ಅಷ್ಟರಲ್ಲಿ ಅವ್ವ ತಲೆಯೆತ್ತಿ, “ತಮ್ಮಾ, ಕುಡ್ಯಾಕ ಒಂದೀಟು ಬಿಸಿನೀರು ಕೊಡೋ ಯಪ್ಪಾ” ಎಂದಳು.

ಅವರು ನಿಂತುಬಿಟ್ಟರು. “ಅಮ್ಮಾ, ನಿಮ್ದು ಯಾವೂರು?” ಎಂದರು. ತಮ್ಮದು ಬೈಂದೂರು ಕಡೆ ಎಂದರು. ನೀರು ಬಂತು, ಕೇಳದೆ ಉಪ್ಪಿನಕಾಯಿಯೂ ಬಂತು. ನಾವು ಸಂಕೋಚದಿಂದ, “ನೀವು ಕನ್ನಡದವರೆಂದು ಇಷ್ಟು ವರ್ಷ ಹೇಳಲೇ ಇಲ್ಲವಲ್ಲ” ಎಂದೆವು. ಅವರು ನಕ್ಕು ಹೇಳಿದರು: “ನೀವು ಮನೆಯವರ ಹತ್ರ ಕನ್ನಡ ಮಾತಾಡುದು ಕೇಳಿದ್ದೆ ಸರ್. ನಮ್ಮ ಹತ್ರ ಹಿಂದಿಯಲ್ಲೇ ಮಾತಾಡ್ತೀರಿ ಅಲ್ದಾ, ಇಷ್ಟ ಇಲ್ವೇನೋ ಅಂದ್ಕಂಡು ಸುಮ್ಮನಿದ್ದೆ.” ಅಡುಗೆಮನೆಯ ಹುಡುಗರೆಲ್ಲ ಈಗ ಬೇರೆ ರಾಜ್ಯದವರಂತೆ. ರಾತ್ರಿ ಮನೆಗೆ ಫೋನು ಮಾಡಿದಾಗ ಬಿಟ್ಟರೆ ದಿನವಿಡೀ ಕನ್ನಡವೇ ಇಲ್ಲವಂತೆ.

ಮಹನೀಯರೇ, ಅಂದಿನ ಅನ್ನ ನಮ್ಮ ಗಂಟಲಿನಲ್ಲಿ ಸುಲಭವಾಗಿ ಇಳಿಯಲಿಲ್ಲ. ಲೋಕಲ್ ಖಡಕಿ ದಾಟುವಾಗ ಮಗಳು ಕೇಳಿದಳು: “ಅಪ್ಪಾ, ಆ ಕಾಕಾ ಕನ್ನಡದವರಾದರೆ ನಾವು ಯಾಕೆ ಹಿಂದಿ ಮಾತಾಡ್ತಿದ್ದೆವು?” ದಾಪೋಡಿ ಬಂತು, ಪಿಂಪ್ರಿ ಬಂತು, ಚಿಂಚವಡ ಬಂತು, ಉತ್ತರ ಬರಲಿಲ್ಲ. ಅವ್ವ ಮಡಿಲಲ್ಲಿ ಮೆಣಸಿನಕಾಯಿಯ ಚೀಲವಿಟ್ಟುಕೊಂಡು ತೂಕಡಿಸುತ್ತಿದ್ದಳು.

ನಮಗೆ ಅನ್ನ ಕೊಟ್ಟ ಊರಿನ ಭಾಷೆಯನ್ನು ಕಲಿತು ಗೌರವದಿಂದ ಆಡುವುದು ನಮ್ಮ ಧರ್ಮ. ಮಗಳು ಸೊಗಸಾಗಿ ಮರಾಠಿ ಮಾತನಾಡುವುದು ನಮಗೆ ಹೆಮ್ಮೆಯ ವಿಷಯವೇ ಆಗಿದೆ. ಮರಾಠಿಯವರ ಮುಂದೆ ನಾವು ಕನ್ನಡ ಬಿಟ್ಟದ್ದು ಸೌಜನ್ಯ. ಆದರೆ ನಮ್ಮವರ ಮುಂದೆಯೂ ಬಿಟ್ಟದ್ದು ಬರಿಯ ಅಭ್ಯಾಸಬಲ. ಅದನ್ನು ನಮ್ಮಿಂದ ಯಾರೂ ಕಸಿದುಕೊಳ್ಳಲಿಲ್ಲ. ಕೇಳುವವರು ಎದುರಿಗೇ ನಿಂತಿರುವಾಗ ನಾವೇ ಬಾಯಿ ಬಿಡಲಿಲ್ಲ.

ಆದ್ದರಿಂದ ನಮ್ಮದೊಂದು ಚಿಕ್ಕ ವಿನಂತಿ. ಉಡುಪಿ ಹೋಟೆಲಿಗೆ ಹೋದಾಗ, ಬೆಂಗಳೂರು ಅಯ್ಯಂಗಾರ್ ಬೇಕರಿಯ ಹಲಗೆ ಕಂಡಾಗ, ಮೊದಲ ವಾಕ್ಯ ಕನ್ನಡದ್ದಿರಲಿ. ಉತ್ತರ ಬೇರೆ ಭಾಷೆಯಲ್ಲಿ ಬಂದರೆ ನಗುನಗುತ್ತ ಅದೇ ಭಾಷೆಯಲ್ಲಿ ಮುಂದುವರಿಯೋಣ. ಖರ್ಚೇನೂ ಇಲ್ಲ, ಈ ಮಾತಿಗೆ ಬ್ಯಾಂಕಿನವರು ಜಾಮೀನು.

ಈಗ ನಾವು ಆ ಹೋಟೆಲಿಗೆ ಹೋದಾಗ ಅವರು ಮೊದಲು ವಿಚಾರಿಸುವುದು ಅವ್ವನನ್ನು. ಅವ್ವ ಊರಿಗೆ ಹೋಗಿ ಎಷ್ಟೋ ತಿಂಗಳಾಯಿತು. ಹೋಗುವಾಗ ತಾನೇ ಪುಡಿ ಮಾಡಿದ ಬ್ಯಾಡಗಿ ಖಾರವನ್ನು ಎರಡು ಪೊಟ್ಟಣ ಕಟ್ಟಿ, “ಒಂದು ಆ ಬೈಂದೂರು ತಮ್ಮಗ ಕೊಡು” ಎಂದಿದ್ದಳು. ಕೊಟ್ಟಿದ್ದೇವೆ. ಊಟ ಹೇಳುವ ಕೆಲಸ ಈಗ ಮಗಳದು. ಕನ್ನಡದಲ್ಲೇ ಹೇಳುತ್ತಾಳೆ, ತಪ್ಪಿದಲ್ಲಿ ಅವರು ತಿದ್ದುತ್ತಾರೆ.